ಚಾಟ್‌ನಲ್ಲಿ ಸಾವಿರ ಪದ, ಥೀಸಿಸ್‌ನಲ್ಲಿ ಒಂದು ಸಾಲೂ ಇಲ್ಲ

ಪ್ರಶ್ನೆ: ಮೇಡಂ, ನಾನು ಪಿಎಚ್.ಡಿ. ಎರಡನೇ ವರ್ಷದಲ್ಲಿದ್ದೇನೆ. ಆನ್‌ಲೈನ್ ಗುಂಪುಗಳಲ್ಲಿ ಜನ ಒಬ್ಬರಿಂದೊಬ್ಬರು ಹೇಗೆ ಕಲಿಯುತ್ತಾರೆ ಅನ್ನುವುದು ನನ್ನ ವಿಷಯ. ಸೈಕಲ್ ರಿಪೇರಿ ಮಾಡುವವರ ಒಂದು ಗುಂಪನ್ನು ಒಂದೂವರೆ ವರ್ಷದಿಂದ ಗಮನಿಸುತ್ತಿದ್ದೇನೆ. ದಿನವಿಡೀ ಉದ್ದುದ್ದ ಮೆಸೇಜ್ ಬರೆಯುತ್ತೇನೆ, ಅದೇನೂ ಕಷ್ಟವಾಗುವುದಿಲ್ಲ. ಥೀಸಿಸ್ ಫೈಲ್ ತೆರೆದರೆ ಮಾತ್ರ ಕೈ ಓಡುವುದೇ ಇಲ್ಲ. ಇಂಟರ್ನೆಟ್ಟಿನಿಂದಲೇ ನನ್ನ ಬರವಣಿಗೆ ಕೆಟ್ಟಿದೆ ಅಂತಾರೆ ನನ್ನ ಗೈಡ್. ನಿಜವಾ? ಓದಿದ್ದೂ ತಲೆಯಲ್ಲಿ ನಿಲ್ಲುತ್ತಿಲ್ಲ. ಎ.ಐ. ಸಹಾಯ ತಗೊಳ್ಳಬಹುದಾ, ಅಥವಾ ಎಲ್ಲ ಆ್ಯಪ್ ತೆಗೆದುಹಾಕಿ ಕೂರಬೇಕಾ? ನನ್ನ ಅಧ್ಯಾಯದ ಶುರುವಿನ ಸಾಲು ಮತ್ತು ಅದೇ ವಿಷಯದ ಬಗ್ಗೆ ಗೆಳತಿಗೆ ಕಳಿಸಿದ ಮೆಸೇಜ್, ಎರಡನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ:

ಎರಡನ್ನೂ ಓದಿದೆ. ಒಬ್ಬರೇ ಬರೆದದ್ದಾ ಅಂತ ಒಂದು ಗಳಿಗೆ ಅನುಮಾನ ಬಂತು. ನೀವು ಒಪ್ಪಿಗೆ ಕೊಟ್ಟಿರುವುದರಿಂದ ಎರಡನ್ನೂ ಇಲ್ಲೇ ಹಾಕುತ್ತೇನೆ, ಬೇರೆ ಓದುಗರೂ ನೋಡಲಿ.

ಥೀಸಿಸ್ಸಿನ ಸಾಲು ಇದು: “ಅಂತರ್ಜಾಲಾಧಾರಿತ ಸಮುದಾಯಗಳಲ್ಲಿನ ಜ್ಞಾನ ಪ್ರಸರಣ ಪ್ರಕ್ರಿಯೆಯು ಬಹುಆಯಾಮದ ಸ್ವರೂಪವನ್ನು ಹೊಂದಿದ್ದು, ನವಾಗತರ ಪಾಲ್ಗೊಳ್ಳುವಿಕೆಯು ಕ್ರಮೇಣ ವಿಕಸನಗೊಳ್ಳುವುದನ್ನು ಗುರುತಿಸಬಹುದಾಗಿದೆ.”

ಮೆಸೇಜ್ ಇದು: “ಇವತ್ತೊಂದು ಮಜಾ ಗೊತ್ತಾಯ್ತು ಕಣೇ. ಹೊಸಬ್ರು ಬಂದ ತಕ್ಷಣ ‘ಸೈಕಲ್ ಕಟಕಟ ಅಂತಿದೆ, ಏನ್ ಮಾಡ್ಲಿ’ ಅಂತ ಕೇಳ್ತಾರೆ. ಯಾರೂ ತಿರುಗಿ ನೋಡಲ್ಲ. ಅದೇ ಜನ ಎರಡು ತಿಂಗಳು ಬಿಟ್ಟು ‘ಏರು ಹತ್ತುವಾಗ ಮಾತ್ರ, ಪೆಡಲ್ ಹತ್ರದಿಂದ ಕಟಕಟ ಬರುತ್ತೆ, ಚೈನ್ ಹೋದ ವಾರ ಬದಲಾಯಿಸಿದೆ’ ಅಂತ ಕೇಳ್ತಾರೆ. ಹತ್ತು ನಿಮಿಷಕ್ಕೆ ಉತ್ತರ ಬರುತ್ತೆ. ಹೀಗೆ ಕೇಳ್ಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ!”

ಅದಕ್ಕೆ ನಿಮ್ಮ ಗೆಳತಿ “ಎಲ್ರೂ ಹಾಗೇನಾ?” ಅಂತ ಕೇಳಿದ್ದಾರೆ. ನೀವು “ಇಲ್ಲಪ್ಪ, ತುಂಬಾ ಜನ ಒಂದೇ ಸಲ ಕೇಳಿ ಮಾಯ ಆಗ್ತಾರೆ” ಅಂದಿದ್ದೀರಿ.

ಈ ಕೊನೆಯ ಉತ್ತರವನ್ನು ಇನ್ನೊಮ್ಮೆ ಓದಿ. ನಿಮ್ಮ ಇಡೀ ಅಧ್ಯಾಯದ ಮುಖ್ಯ ಮಾತು ಅದೇ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಅದು ಥೀಸಿಸ್‌ನಲ್ಲಿ ಎಲ್ಲಿದೆ? ಇಲ್ಲ. ಚಾಟ್‌ನಲ್ಲಿ ಬಿದ್ದುಕೊಂಡಿದೆ.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರವಾಗಿಯೇ ಇದೆ. ಇಂಟರ್ನೆಟ್ ನಿಮ್ಮ ಬರವಣಿಗೆಯನ್ನು ಕೆಡಿಸಿಲ್ಲ. ನೀವು ಚೆನ್ನಾಗಿ ಬರೆಯುವುದು ಅಲ್ಲೇ. ಕೆಟ್ಟಿರುವುದು ಥೀಸಿಸ್ ಫೈಲ್‌ನಲ್ಲಿರುವ ಬರವಣಿಗೆ.

ನಿಮ್ಮ ಗೈಡ್ ಹೇಳುವ ಮಾತು ಹೊಸದಲ್ಲ. ಪ್ರತಿ ತಲೆಮಾರಿನ ಮೇಷ್ಟ್ರೂ ಮುಂದಿನ ತಲೆಮಾರಿನ ಬರವಣಿಗೆ ಹಾಳಾಯಿತು ಅಂತ ಗೊಣಗಿದ್ದಾರೆ. ನಾನೂ ಗೊಣಗಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಕೆಲವರು ಗೊಣಗುವುದು ಬಿಟ್ಟು ಲೆಕ್ಕ ಹಾಕಲು ಕೂತರು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನೂರು ಪದಕ್ಕೆ ಎಷ್ಟು ತಪ್ಪು ಅಂತ ಬೇರೆ ಬೇರೆ ಕಾಲದಲ್ಲಿ ಎಣಿಸಿದ್ದಾರೆ. 1917ರಲ್ಲಿ 2.11. 1930ರಲ್ಲಿ 2.24. 1986ರಲ್ಲಿ 2.26. 2006ರ ಪ್ರಬಂಧಗಳನ್ನು ಆ್ಯಂಡ್ರಿಯಾ ಲನ್ಸ್‌ಫರ್ಡ್ ಮತ್ತು ಕರೆನ್ ಲನ್ಸ್‌ಫರ್ಡ್ ಅನ್ನುವ ಸಂಶೋಧಕರು ಎಣಿಸಿದಾಗ 2.45. ಎಣಿಸಿದವರು ಬೇರೆ, ಎಣಿಕೆಯ ರೀತಿಯೂ ಬೇರೆ, ಹಾಗಾಗಿ ದಶಮಾಂಶಗಳಿಗೆ ಜಾಸ್ತಿ ಬೆಲೆ ಕೊಡಬೇಡಿ. ಆದರೂ ಹೆಚ್ಚುಕಡಿಮೆ ತೊಂಬತ್ತು ವರ್ಷ ಲೆಕ್ಕ ಅಲ್ಲೇ ಇದೆ. ಬದಲಾಗಿದ್ದು ಇನ್ನೊಂದು: ಪ್ರಬಂಧದ ಸರಾಸರಿ ಉದ್ದ. 1917ರಲ್ಲಿ 162 ಪದ ಇದ್ದದ್ದು 2006ಕ್ಕೆ 1,038 ಆಗಿದೆ. ಬರೆಯುವ ಬಗೆಯೂ ಬದಲಾಗಿದೆ. 1986ರಲ್ಲಿ ಹೆಚ್ಚಾಗಿ ತಮ್ಮ ಅನುಭವ ಬರೆಯುತ್ತಿದ್ದರು. 2006ರಲ್ಲಿ ವಾದ ಮಾಡುವ, ಆಕರ ಹುಡುಕಿ ಬರೆಯುವ ಪ್ರಬಂಧಗಳು ಜಾಸ್ತಿ. ಅಂದರೆ ಮೊದಲಿಗಿಂತ ಉದ್ದವಾದ, ಕಷ್ಟದ ಬರಹವನ್ನು ಹೆಚ್ಚುಕಡಿಮೆ ಅಷ್ಟೇ ತಪ್ಪಿನಲ್ಲಿ ಬರೆದಿದ್ದಾರೆ.

ಅದೇ ಎಣಿಕೆಯಲ್ಲಿ ಒಂದು ತಮಾಷೆಯೂ ಇದೆ. 1986ರಲ್ಲಿ ಕಾಗುಣಿತದ ತಪ್ಪುಗಳು ಎಷ್ಟು ಜಾಸ್ತಿ ಇದ್ದವೆಂದರೆ ಅವನ್ನು ಬೇರೆಯಾಗಿಯೇ ತೆಗೆದಿಡಬೇಕಾಯಿತು. 2006ಕ್ಕೆ ಅವು ಐದನೇ ಸ್ಥಾನಕ್ಕೆ ಇಳಿದಿದ್ದವು. ಮೊದಲ ಸ್ಥಾನಕ್ಕೆ ಬಂದದ್ದು ‘ತಪ್ಪು ಪದ’. ಸ್ಪೆಲ್‌ಚೆಕ್ ತೋರಿಸಿದ ಮೊದಲ ಪದವನ್ನು ಕಣ್ಣುಮುಚ್ಚಿ ಒತ್ತುವುದೂ ಅದಕ್ಕೆ ಒಂದು ಕಾರಣ. ಯಂತ್ರ ಒಂದು ತಪ್ಪು ತೆಗೆದು ಇನ್ನೊಂದನ್ನು ಒಳಗೆ ಬಿಡುತ್ತದೆ. ನಿಮ್ಮ ಎ.ಐ. ಪ್ರಶ್ನೆಗೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

2006 ಅಂದರೆ ಸ್ಮಾರ್ಟ್‌ಫೋನ್ ಎಲ್ಲರ ಕೈಗೆ ಬರುವ ಮುಂಚೆ ಅಲ್ವಾ ಅಂತ ನೀವು ಕೇಳಬಹುದು. ಸರಿ, ಆದರೆ ಎಸ್ಸೆಮ್ಮೆಸ್‌ನಿಂದ ಮಕ್ಕಳ ಭಾಷೆ ಮುಗಿದೇ ಹೋಯಿತು ಅನ್ನುವ ಕೂಗು ಆಗಲೂ ಜೋರಾಗಿಯೇ ಇತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೇ ತಲೆ, ಒಂದೇ ಕೈ, ಒಂದೇ ವಿಷಯ. ಒಂದು ಕಡೆ ಸಾಲು ಓಡುತ್ತದೆ, ಇನ್ನೊಂದು ಕಡೆ ಕುಂಟುತ್ತದೆ. ಯಾಕೆ?

ಚಾಟ್‌ನಲ್ಲಿ ನಿಮಗೆ ಓದುವವರು ಸಿಕ್ಕಿರುತ್ತಾರೆ. ಗೆಳತಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಯಾವುದಕ್ಕೆ ನಗುತ್ತಾಳೆ, ಎಲ್ಲ ನಿಮಗೆ ಗೊತ್ತು. ಅರ್ಥವಾಗದಿದ್ದರೆ ತಕ್ಷಣ ಕೇಳುತ್ತಾಳೆ. “ಎಲ್ರೂ ಹಾಗೇನಾ?” ಅನ್ನುವ ಆ ಎರಡು ಪದ ನಿಮ್ಮಿಂದ ಒಂದು ಸಂಶೋಧನೆಯ ಫಲಿತಾಂಶವನ್ನೇ ಹೊರಗೆ ಎಳೆಯಿತು. ಥೀಸಿಸ್ ಓದುವವರು ಹಾಗೆ ನಡುವೆ ಬಾಯಿ ಹಾಕುವುದಿಲ್ಲ. ಅವರು ಯಾರೆಂದೇ ಗೊತ್ತಿಲ್ಲ. ಯಾವಾಗಲೋ ಎಲ್ಲೋ ಕೂತು ಓದುತ್ತಾರೆ, ಅರ್ಥವಾಗದಿದ್ದರೆ ಮುಖ ಸಿಂಡರಿಸುತ್ತಾರೆ, ಅದು ನಿಮಗೆ ಕಾಣುವುದೂ ಇಲ್ಲ. ವಾಲ್ಟರ್ ಆಂಗ್ ಅನ್ನುವ ವಿದ್ವಾಂಸರು 1975ರಲ್ಲೇ ಒಂದು ಮಾತು ಹೇಳಿದ್ದರು. ಬರೆಯುವವರಿಗೆ ಓದುವವರು ಎದುರಿಗೆ ಸಿಗುವುದಿಲ್ಲ, ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು ಅಂತ. ನೀವು ಕಟ್ಟಿಕೊಂಡಿರುವುದು ಯಾರನ್ನು? ನಿಮ್ಮ ಸಾಲು ನೋಡಿದರೆ ನನಗೆ ಕಾಣುವುದು ಒಬ್ಬ ಸಿಡುಕು ಮುಖದ ಪರೀಕ್ಷಕ. ಅವನಿಗೆ ಹೆದರಿ ನೀವು ಪದಗಳ ಹಿಂದೆ ಬಚ್ಚಿಟ್ಟುಕೊಂಡಿದ್ದೀರಿ. ‘ಬಹುಆಯಾಮದ ಸ್ವರೂಪ’ ಅಂದರೆ ಏನು, ನೀವೇ ಹೇಳಿ.

ನಾನೂ ಇದನ್ನೇ ಮಾಡಿದ್ದೆ. ನನ್ನ ಮೊದಲ ಅಧ್ಯಾಯ ಗೈಡ್ ಕೈಯಿಂದ ಮೂರು ಸಲ ವಾಪಸ್ ಬಂತು. ಮೂರನೇ ಸಲ ಅವರು ಏನೂ ಬರೆದಿರಲಿಲ್ಲ, ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಯಾರಿಗೆ?’ ಅಂತ ಮಾತ್ರ ಗೀಚಿದ್ದರು. ಅವತ್ತು ಕೋಪ ಬಂದಿತ್ತು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಓದುವವರ ಮುಖ ಕಾಣದಿರುವುದು ಎಂಥ ತೊಂದರೆ ಅಂತ ಇಂಟರ್ನೆಟ್‌ನ ಜನರಿಗೆ ಚೆನ್ನಾಗಿ ಗೊತ್ತು. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ತಮ್ಮ ಸಹೋದ್ಯೋಗಿಗಳಿಗೆ ಒಂದು ಸಲಹೆ ಕೊಟ್ಟರು. ಕಂಪ್ಯೂಟರ್‌ನಲ್ಲಿ ಒಬ್ಬರು ತಮಾಷೆಗೆ ಬರೆದದ್ದನ್ನು ಇನ್ನೊಬ್ಬರು ನಿಜ ಅಂದುಕೊಂಡು ಗಲಾಟೆ ಆಗುತ್ತಿತ್ತು. ಅದಕ್ಕೆ ಅವರು, ತಮಾಷೆಯ ಮಾತಿನ ಕೊನೆಗೆ ಒಂದು ಕೋಲನ್, ಒಂದು ಅಡ್ಡಗೆರೆ, ಒಂದು ಕಂಸ ಹಾಕಿ, ತಲೆ ಓರೆ ಮಾಡಿ ನೋಡಿದರೆ ನಗುವ ಮುಖ ಕಾಣುತ್ತದೆ ಅಂದರು. ನಾವು ಈಗ ಒತ್ತುವ ಇಮೋಜಿಗಳ ಹಿರಿಯಣ್ಣ ಅದು. ಇದನ್ನು ಜನ ಹುಡುಗಾಟ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಓದುವವರ ಮೇಲಿನ ಕಾಳಜಿ. ‘ನನ್ನ ದನಿ ನಿಮಗೆ ಕೇಳಿಸುವುದಿಲ್ಲ, ಆದ್ದರಿಂದ ಈ ಗುರುತು’ ಅಂತ ಹೇಳುವ ಕ್ರಮ. ಚಾಟ್‌ನಲ್ಲಿ ಒಂದು ಫುಲ್‌ಸ್ಟಾಪ್ ಹಾಕಿದರೆ ಎದುರಿನವರಿಗೆ ಸಿಟ್ಟು ಅನ್ನಿಸಬಹುದಾ ಅಂತ ಯೋಚಿಸುವ ನೀವು, ಥೀಸಿಸ್ ಓದುವವರ ಬಗ್ಗೆ ಅಷ್ಟು ಯೋಚಿಸಿದ್ದೀರಾ?

ಬರವಣಿಗೆ ಅಧ್ಯಯನದಲ್ಲಿ ಇದಕ್ಕೆ ಒಂದು ಒಳ್ಳೆಯ ವಿಂಗಡಣೆ ಇದೆ. ಲಿಂಡಾ ಫ್ಲವರ್ 1979ರಲ್ಲಿ ಮಾಡಿದ್ದು. ಬರೆಯುವವರಿಗಾಗಿಯೇ ಇರುವ ಬರಹ ಒಂದು, ಓದುವವರಿಗಾಗಿ ಇರುವ ಬರಹ ಇನ್ನೊಂದು. ಮೊದಲನೆಯದರಲ್ಲಿ ನಮಗೆ ಹೊಳೆದ ಕ್ರಮದಲ್ಲೇ ಎಲ್ಲ ಬರುತ್ತದೆ, ನಮಗೆ ಮಾತ್ರ ಅರ್ಥವಾಗುವ ಪದಗಳು ಇರುತ್ತವೆ. ಅದು ತಪ್ಪಲ್ಲ, ಮೊದಲ ಡ್ರಾಫ್ಟ್ ಇರುವುದೇ ಹಾಗೆ. ಆಮೇಲೆ ಅದನ್ನು ಓದುವವರ ಕಡೆಗೆ ತಿರುಗಿಸಬೇಕು. ನಿಮ್ಮ ವಿಷಯದಲ್ಲಿ ಆಗಿರುವುದು ವಿಚಿತ್ರ. ಚಾಟ್ ಓದುವವರ ಕಡೆಗೇ ತಿರುಗಿದೆ, ಆದರೆ ಒಬ್ಬರೇ ಒಬ್ಬರ ಕಡೆಗೆ. ಥೀಸಿಸ್ ಯಾರ ಕಡೆಗೂ ತಿರುಗಿಲ್ಲ. ನಿಮ್ಮ ಕಡೆಗೂ ಇಲ್ಲ.

ಹಾಗಾದರೆ ಚಾಟ್ ಭಾಷೆಯನ್ನೇ ಎತ್ತಿ ಥೀಸಿಸ್‌ಗೆ ಹಾಕುವುದಾ? ಇಲ್ಲ. ‘ಕಣೇ’ ಹೋಗಬೇಕು. ಆದರೆ ಗೆಳತಿ ಹೋಗಬಾರದು. ಅವಳು ಕೇಳುವ ಪ್ರಶ್ನೆಗಳನ್ನು ಕೇಳುವ ಮುಂಚೆಯೇ ಉತ್ತರಿಸುತ್ತಾ ಹೋಗುವುದೇ ಥೀಸಿಸ್ ಬರೆಯುವ ಕೆಲಸದ ಮುಕ್ಕಾಲು ಪಾಲು. ನಿಮ್ಮ ಮೆಸೇಜ್ ಹಿಡಿದು ನಾನು ಹೀಗೆ ಬರೆದು ನೋಡಿದೆ:

“ಸೈಕಲ್ ರಿಪೇರಿ ಗುಂಪಿಗೆ ಹೊಸದಾಗಿ ಸೇರಿದವರ ಮೊದಲ ಪ್ರಶ್ನೆಯಲ್ಲಿ ತೊಂದರೆಯ ಹೆಸರು ಮಾತ್ರ ಇರುತ್ತದೆ: ಸೈಕಲ್ ಸದ್ದು ಮಾಡುತ್ತಿದೆ. ಇಂಥ ಪ್ರಶ್ನೆಗೆ ಉತ್ತರ ಬರುವುದು ಅಪರೂಪ. ಎರಡು ತಿಂಗಳ ನಂತರವೂ ಗುಂಪಿನಲ್ಲಿ ಉಳಿದವರ ಪ್ರಶ್ನೆಗೆ ಮೂರು ವಿವರ ಸೇರಿಕೊಳ್ಳುತ್ತವೆ: ಸದ್ದು ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ, ಈಚೆಗೆ ಏನು ಬದಲಾಯಿಸಲಾಗಿದೆ. ಹೀಗೆ ಕೇಳಬೇಕೆಂದು ಗುಂಪಿನ ನಿಯಮಗಳಲ್ಲಿ ಎಲ್ಲೂ ಬರೆದಿಲ್ಲ. ಆದರೆ ಈ ಬದಲಾವಣೆ ಉಳಿದವರಲ್ಲಿ ಮಾತ್ರ ಕಾಣುತ್ತದೆ. ಹೆಚ್ಚಿನವರು ಒಂದೇ ಪ್ರಶ್ನೆ ಕೇಳಿ ಹೊರಟುಹೋಗುತ್ತಾರೆ.”

ಗುಂಪಿನ ನಿಯಮದ ಬಗ್ಗೆ ಬರೆದದ್ದು ನನ್ನ ಊಹೆ, ನೀವು ನೋಡಿ ಸರಿಮಾಡಿ. ‘ಹೆಚ್ಚಿನವರು’ ಅಂದರೆ ಎಷ್ಟು ಜನ ಅನ್ನುವುದೂ ಬೇಕು. ಆದರೆ ಒಂದು ವಿಷಯ ಗಮನಿಸಿ. ಆ ಊಹೆ ಬಿಟ್ಟರೆ ಇದರಲ್ಲಿ ಇರುವುದೆಲ್ಲ ನಿಮ್ಮ ಮೆಸೇಜ್‌ನಿಂದಲೇ ಬಂದದ್ದು. ಥೀಸಿಸ್‌ನ ಆ ಸಾಲಿನಿಂದ ನನಗೆ ಒಂದು ಪದವೂ ಬೇಕಾಗಲಿಲ್ಲ. ಇದನ್ನು ಗಂಭೀರ ಬರಹ ಅಲ್ಲ ಅಂತ ಯಾವ ಪರೀಕ್ಷಕರೂ ಹೇಳಲಾರರು. ನೀವು ಅಂದುಕೊಂಡಷ್ಟು ಕೆಟ್ಟವರಲ್ಲ ಅವರು. ಪಾಪ, ಅವರೂ ಬಹುಆಯಾಮದ ಸ್ವರೂಪಗಳನ್ನು ಓದಿ ಓದಿ ಸುಸ್ತಾಗಿರುತ್ತಾರೆ.

ದಿನಾ ಮಾಡಬೇಕಾದ್ದು ಇಷ್ಟೇ. ಬೆಳಿಗ್ಗೆ ಥೀಸಿಸ್ ಫೈಲ್ ತೆರೆಯಬೇಡಿ, ಮೆಸೇಜ್ ತೆರೆಯಿರಿ. ಗೆಳತಿಗೆ, ಅವರಿಗೆ ಬಿಡುವಿಲ್ಲದಿದ್ದರೆ ನಿಮಗೇ, ‘ನಿನ್ನೆ ಗುಂಪಿನಲ್ಲಿ ಏನು ನೋಡಿದೆ’ ಅಂತ ಬರೆಯಿರಿ. ಆಮೇಲೆ ಅದನ್ನು ಫೈಲ್‌ಗೆ ಹಾಕಿ, ಪ್ರತಿ ಸಾಲಿನ ಪಕ್ಕ ಒಂದು ಅಡ್ಡಬಾಯಿ ಪ್ರಶ್ನೆ ಸೇರಿಸಿ. ‘ಯಾರು?’ ‘ಎಷ್ಟು ಸಲ?’ ‘ನಿಂಗೆ ಹೇಗೆ ಗೊತ್ತು?’ ‘ಅದ್ರಿಂದ ಏನಾಯ್ತು?’ ಉತ್ತರಗಳನ್ನು ಸಾಲಿನೊಳಗೆ ತನ್ನಿ, ಪ್ರಶ್ನೆ ಅಳಿಸಿ. ಭಾಷೆ ತಿದ್ದುವುದು ಕೊನೆಗೆ, ಅದಕ್ಕೆ ಅರ್ಧ ಗಂಟೆ ಸಾಕು.

ನೀವು ಬರೆದಿದ್ದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ: “ಯಾರೂ ಹೇಳಿಕೊಟ್ಟಿಲ್ಲ!” ಆ ಆಶ್ಚರ್ಯಸೂಚಕ ಚಿಹ್ನೆಯಲ್ಲಿ ನಿಮ್ಮ ವಿಷಯವೇ ಇದೆ. ಜನ ಕೆಲಸದಲ್ಲಿ ತೊಡಗಿಕೊಂಡೇ ಹೇಗೆ ಕಲಿಯುತ್ತಾರೆ ಅಂತ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅನ್ನುವ ವಿದ್ವಾಂಸರು 1991ರಲ್ಲಿ ಬರೆದ ಪುಸ್ತಕವನ್ನು ನೀವು ಓದಿಯೇ ಇರುತ್ತೀರಿ, ನಿಮ್ಮ ವಿಷಯದಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಲೈಬೀರಿಯಾದ ಟೈಲರ್‌ಗಳ ಹತ್ತಿರ ಕೆಲಸ ಕಲಿಯುವ ಹುಡುಗರ ಉದಾಹರಣೆ ಅದರಲ್ಲಿದೆ. ಬಟ್ಟೆ ಹೊಲಿಯುವಾಗ ಮೊದಲು ಕತ್ತರಿಸಬೇಕು, ಆಮೇಲೆ ಹೊಲಿಯಬೇಕು, ಕೊನೆಗೆ ಗುಂಡಿ ಹಾಕಬೇಕು. ಆದರೆ ಕಲಿಯುವವರಿಗೆ ಕೊಡುವ ಕ್ರಮ ತಿರುಗಾಮುರುಗಾ. ಮೊದಲು ಗುಂಡಿ, ಅಂಚು ಮಡಿಸಿ ಹೊಲಿಯುವುದು, ಇಸ್ತ್ರಿ. ಆಮೇಲೆ ಹೊಲಿಗೆ. ಕತ್ತರಿ ಕೈಗೆ ಬರುವುದು ಎಲ್ಲದರ ಕೊನೆಗೆ. ಗುಂಡಿ ಹಾಕುತ್ತಾ ಕೂತವನು ಸಿದ್ಧವಾದ ಅಂಗಿಯನ್ನು ದಿನಾ ನೋಡುತ್ತಿರುತ್ತಾನೆ. ಅದರ ಆಕಾರ ಹೇಗಿರಬೇಕು ಅನ್ನುವುದು ಕಣ್ಣಿಗೆ ಇಳಿದಿರುತ್ತದೆ. ಗುಂಡಿ ತಪ್ಪಿದರೆ ಬಿಚ್ಚಬಹುದು, ಬಟ್ಟೆ ತಪ್ಪಾಗಿ ಕತ್ತರಿಸಿದರೆ ಹೋಯಿತು.

ನಿಮ್ಮ ಗುಂಪಿನ ಹೊಸಬರೂ ಇದನ್ನೇ ಮಾಡಿರಬೇಕು. ಆ ಎರಡು ತಿಂಗಳು ಅವರು ಸುಮ್ನೆ ಕೂತಿರಲಿಲ್ಲ, ಬೇರೆಯವರ ಪ್ರಶ್ನೆ ಓದುತ್ತಿದ್ದರು. ಯಾವ ಪ್ರಶ್ನೆಗೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ ಅಂತ ನೋಡುತ್ತಿದ್ದರು. ಮಾತಾಡದೆ ಓದುವವರನ್ನು ನೆಟ್‌ನಲ್ಲಿ ಕಳ್ಳರ ಹಾಗೆ ನೋಡುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಅವರು ಗುಂಡಿ ಹಾಕುತ್ತಾ ಕೂತಿದ್ದಾರೆ ಅಷ್ಟೇ.

ಇದನ್ನೇ ನಿಮ್ಮ ಥೀಸಿಸ್‌ಗೂ ತಿರುಗಿಸಿ. ನೀವು ಪೀಠಿಕೆಯಿಂದ ಶುರು ಮಾಡಿದ್ದೀರಿ, ಅಂದರೆ ಮೊದಲ ದಿನವೇ ಕತ್ತರಿ ಹಿಡಿದಿದ್ದೀರಿ. ಪೀಠಿಕೆ ಕೊನೆಗೆ ಬರೆಯಿರಿ. ಮೊದಲು ಹತ್ತು ಪ್ರಶ್ನೆಗಳನ್ನು ಗುಂಪಿನಿಂದ ಎತ್ತಿ, ಒಂದೊಂದರ ಕೆಳಗೆ ನಾಲ್ಕು ಸಾಲು ಟಿಪ್ಪಣಿ ಬರೆಯಿರಿ. ಕೋಷ್ಟಕ ಇದ್ದರೆ ಅದಕ್ಕೆ ಶೀರ್ಷಿಕೆ ಕೊಡಿ. ಒಂದು ಒಳ್ಳೆಯ ಥೀಸಿಸ್ ತಂದಿಟ್ಟುಕೊಂಡು ಅವರು ಟಿಪ್ಪಣಿಯನ್ನು ಹೇಗೆ ಬರೆದಿದ್ದಾರೆ ಅಂತ ನೋಡಿ.

ಅಚ್ಚಾದ ಥೀಸಿಸ್ ನೋಡಿ ಕಲಿಯಲು ಒಂದು ತೊಂದರೆ ಇದೆ. ಅದರಲ್ಲಿ ಒದ್ದಾಟ ಕಾಣುವುದಿಲ್ಲ, ಹೊಡೆದುಹಾಕಿದ ಸಾಲು ಕಾಣುವುದಿಲ್ಲ. ಇಲ್ಲಿ ಇಂಟರ್ನೆಟ್ ನಿಮಗೆ ಉಪಕಾರ ಮಾಡಬಲ್ಲದು. 2001ರ ಜನವರಿ 15ರಂದು ಶುರುವಾದ ವಿಕಿಪೀಡಿಯದಲ್ಲಿ ಪ್ರತಿ ಲೇಖನಕ್ಕೂ ಒಂದು ಇತಿಹಾಸದ ಪುಟ ಇದೆ, ಒಂದು ಚರ್ಚೆಯ ಪುಟ ಇದೆ. ಯಾವುದಾದರೂ ಲೇಖನದ ಮೊದಲ ರೂಪ ತೆಗೆದು ನೋಡಿ. ಹೆಚ್ಚಾಗಿ ಎರಡು ಮೂರು ಪೆದ್ದು ಸಾಲು ಇರುತ್ತವೆ. ಅಲ್ಲಿಂದ ಈಗಿನ ರೂಪದವರೆಗೆ ಯಾರು ಏನು ಸೇರಿಸಿದರು, ಯಾವುದನ್ನು ಯಾಕೆ ತೆಗೆದರು, ‘ಇದಕ್ಕೆ ಆಧಾರ ಎಲ್ಲಿ?’ ಅಂತ ಯಾವ ಸಾಲಿಗೆ ಕೇಳಿದರು, ಎಲ್ಲ ಅಲ್ಲೇ ಇದೆ. ಒಂದು ಲೇಖನದ ಇತಿಹಾಸವನ್ನು ಒಂದು ಮಧ್ಯಾಹ್ನ ಕೂತು ಓದಿದರೆ ತಿದ್ದುವುದು ಅಂದರೆ ಏನು ಅಂತ ನನ್ನ ಕ್ಲಾಸಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ ಅಂದಿರಿ. ಇದಕ್ಕೂ ನೆಟ್ಟನ್ನು ಪೂರ್ತಿ ದೂರಲಾರೆ, ಓದುವ ರೀತಿಯನ್ನು ದೂರುತ್ತೇನೆ. ನೀವು ಎಷ್ಟು ಲಿಂಕ್ ಉಳಿಸಿಟ್ಟಿದ್ದೀರಿ? ನೂರು? ಇನ್ನೂರು? ಉಳಿಸಿದ ತಕ್ಷಣ ಓದಿದ ಸಮಾಧಾನ ಬಂದುಬಿಡುತ್ತದೆ. ಅದೇ ಮೋಸ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನವರು ಒಂದು ಬರಹವನ್ನು ಎರಡು ಸಲ ಓದಿದರು. ಇನ್ನೊಂದು ಗುಂಪಿನವರು ಒಂದು ಸಲ ಓದಿ, ಎರಡನೇ ಸಲ ಓದುವ ಬದಲು ನೆನಪಿದ್ದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ನೋಡಿದರೆ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ನೋಡಿದರೆ ತಲೆಕೆಳಗು. ನೆನಪಿನಿಂದ ಬರೆದವರಿಗೆ ಸುಮಾರು 56 ಶೇಕಡ ನೆನಪಿತ್ತು, ಎರಡು ಸಲ ಓದಿದವರಿಗೆ 42. ಹಾಗಾಗಿ ಒಂದು ಲೇಖನ ಓದಿದ ಮೇಲೆ ಟ್ಯಾಬ್ ಮುಚ್ಚಿ, ಅದರಲ್ಲಿ ಏನಿತ್ತು ಅಂತ ಗೆಳತಿಗೆ ಒಂದು ಮೆಸೇಜ್ ಬರೆಯಿರಿ. ನೋಡಿ ಬರೆಯಬೇಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಗೆ ಮಾತ್ರ ವಾಪಸ್ ಹೋಗಿ. ನಿಮ್ಮ ಗೆಳತಿಗೆ ನಾನು ಸ್ವಲ್ಪ ಜಾಸ್ತಿಯೇ ಕೆಲಸ ಹಚ್ಚುತ್ತಿದ್ದೇನೆ, ಗೊತ್ತು.

ಎ.ಐ. ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದಕ್ಕೆ ನಿಮ್ಮ ಮೆಸೇಜ್ ಕೊಟ್ಟು ‘ಥೀಸಿಸ್ ಭಾಷೆಗೆ ತಿರುಗಿಸು’ ಅಂದರೆ ಬಹುಆಯಾಮದ ಸ್ವರೂಪಗಳು ಇನ್ನೂ ನಾಲ್ಕು ಬರುತ್ತವೆ. ಅದರ ಬದಲು ನಿಮ್ಮ ಪ್ಯಾರಾ ಕೊಟ್ಟು ‘ಇದನ್ನು ಓದಿದವರಿಗೆ ಏನೇನು ಅನುಮಾನ ಬರಬಹುದು, ಪ್ರಶ್ನೆ ಮಾತ್ರ ಕೇಳು’ ಅನ್ನಿ. ಗೆಳತಿ ಮಲಗಿರುವ ಹೊತ್ತಿನಲ್ಲಿ ಅಷ್ಟಕ್ಕೆ ಆಗುತ್ತದೆ. ಉತ್ತರ ನೀವೇ ಬರೆಯಿರಿ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೆ ಅಂತ ಮೊದಲು ಓದಿಕೊಳ್ಳಿ. ಎ.ಐ. ಆಕರಗಳ ಹೆಸರು ಕೊಟ್ಟರೆ ಒಂದೊಂದನ್ನೂ ನೀವೇ ತೆಗೆದು ನೋಡುವವರೆಗೆ ನಂಬಬೇಡಿ. ಇಲ್ಲದ ಪುಸ್ತಕಗಳನ್ನು ಇದೆ ಅಂತ ಹೇಳುವ ಚಾಳಿ ಅದಕ್ಕಿದೆ.

ಆ್ಯಪ್‌ಗಳನ್ನು ತೆಗೆದುಹಾಕಬೇಕಾ? ನಿಮ್ಮ ಸಂಶೋಧನೆಯೇ ಅಲ್ಲಿದೆ, ಹೇಗೆ ತೆಗೀತೀರಿ? ಬರೆಯುವ ಎರಡು ಗಂಟೆ ನೋಟಿಫಿಕೇಶನ್ ಮುಚ್ಚಿ, ಸಾಕು. ಗೈಡ್ ಹತ್ತಿರ ವಾದಕ್ಕೂ ಹೋಗಬೇಡಿ. ಮುಂದಿನ ಸಲ ಹೋಗುವಾಗ ಹೊಸ ಪ್ಯಾರಾ ಒಂದನ್ನೇ ತಗೊಂಡು ಹೋಗಿ.

ಅದಕ್ಕೂ ಮುಂಚೆ ನನ್ನದೊಂದು ಅಡ್ಡಬಾಯಿ ಪ್ರಶ್ನೆ, ಗೆಳತಿ ಕೇಳದೆ ಬಿಟ್ಟದ್ದು. ಒಂದೇ ಸಲ ಕೇಳಿ ಮಾಯವಾದವರು ನಿಜವಾಗಿ ಹೋಗಿದ್ದಾರಾ, ಅಥವಾ ಅಲ್ಲೇ ಸುಮ್ನೆ ಓದುತ್ತಾ ಕೂತಿದ್ದಾರಾ? ನಿಮಗೆ ಹೇಗೆ ಗೊತ್ತು?